ಕೋಳಿ ಶೆಡ್ಡಿನ ಗಾಳಿ: ದೂರು ಮಳೆಗಾಲದ್ದು, ಕಾಯಿಲೆ ಚಳಿಗಾಲದ್ದು

ಗ್ರಾಮ ಪಂಚಾಯಿತಿ ಸದಸ್ಯರ ಅಧ್ಯಯನಕ್ಕಾಗಿ

ಕೋಳಿ ಶೆಡ್ಡಿನ ವಾಸನೆಯ ಬಗ್ಗೆ ಗ್ರಾಮ ಪಂಚಾಯಿತಿಗೆ ಲಿಖಿತ ದೂರು ಬರುವುದು ಸಾಮಾನ್ಯವಾಗಿ ಆಷಾಢ, ಶ್ರಾವಣಗಳ ಜಡಿಮಳೆಯ ದಿನಗಳಲ್ಲಿ. ದೂರು ಬಂದ ಮೇಲೆ ಅಧ್ಯಕ್ಷರು, ಇಬ್ಬರು ಮೂವರು ಸದಸ್ಯರು ಹಾಗೂ ಸಿಬ್ಬಂದಿ ಸ್ಥಳ ಪರಿಶೀಲನೆಗೆ ತೆರಳುತ್ತಾರೆ. ಕಚೇರಿಯ ವೇಳೆಗೆ ಹೊಂದಿಸಿಕೊಂಡು ಹನ್ನೊಂದು ಗಂಟೆಯ ಸುಮಾರಿಗೆ ಅವರು ತಲುಪುವಾಗ ಪರದೆಗಳು ತೆರೆದಿರುತ್ತವೆ, ಗಾಳಿ ಬೀಸುತ್ತಿರುತ್ತದೆ, ಮುಂಚಿತವಾಗಿ ಸುದ್ದಿ ತಿಳಿದ ರೈತ ಶೆಡ್ಡಿನ ಸುತ್ತ ಸುಣ್ಣ ಚೆಲ್ಲಿರುತ್ತಾನೆ. ‘ಹೇಳಿಕೊಳ್ಳುವಂತಹ ದುರ್ವಾಸನೆ ಕಂಡುಬರಲಿಲ್ಲ’ ಎಂಬ ಒಂದು ಸಾಲಿನ ವರದಿ ಸಿದ್ಧವಾಗುತ್ತದೆ. ದೂರು ಕೊಟ್ಟವರು ಪಂಚಾಯಿತಿಯು ರೈತನ ಪಕ್ಷ ವಹಿಸಿತೆಂದು ಭಾವಿಸುತ್ತಾರೆ. ಜಮೀನು ಅಡವಿಟ್ಟು ಶೆಡ್ ಕಟ್ಟಿದ ರೈತ, ನೆರೆಯವರಿಗೆ ತನ್ನ ಏಳಿಗೆ ಕಂಡು ಹೊಟ್ಟೆಯುರಿ ಎನ್ನುತ್ತಾನೆ. ವಾಸ್ತವದಲ್ಲಿ ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಬೆಳಗಿನ ಜಾವ ನಾಲ್ಕು ಗಂಟೆಯ ಶೆಡ್ಡೂ ಹನ್ನೊಂದು ಗಂಟೆಯ ಶೆಡ್ಡೂ ಗಾಳಿಯ ದೃಷ್ಟಿಯಿಂದ ಎರಡು ಬೇರೆ ಬೇರೆ ಕಟ್ಟಡಗಳು. ಹಾಗೆಯೇ ಆಗಸ್ಟ್ ತಿಂಗಳ ಶೆಡ್ಡು, ಜನವರಿಯ ಶೆಡ್ಡು, ಏಪ್ರಿಲ್‌ನ ಶೆಡ್ಡು ಒಂದೇ ಅಲ್ಲ.

ಮಳೆಗಾಲದಲ್ಲಿ ಕೆಟ್ಟ ಗಾಳಿ ನೆರೆಹೊರೆಯನ್ನು ಕಾಡುತ್ತದೆ. ಚಳಿಗಾಲದಲ್ಲಿ ಅದು ಶೆಡ್ಡಿನೊಳಗೇ ಉಳಿದು ಕೋಳಿಯನ್ನೂ ಕೂಲಿಯವರನ್ನೂ ಕಾಡುತ್ತದೆ. ಹೊರಗಿನವರಿಗೆ ತಿಳಿಯದ ಕಾರಣ ಯಾರೂ ದೂರುವುದಿಲ್ಲ. ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ಗಾಳಿ ನಿಂತರೆ ಒಂದು ಬ್ಯಾಚಿನ ಆದಾಯವೇ ಹೋಗಬಹುದು. ಈ ಮೂರನ್ನೂ ನಿರ್ಧರಿಸುವ ಬಹುಪಾಲು ಸಂಗತಿಗಳು ಶೆಡ್ಡಿನ ದಿಕ್ಕು, ಅಗಲ, ಸ್ಥಳ ಮತ್ತು ಪರದೆ ತೆರೆಯುವ ವಿಧಾನಕ್ಕೆ ಸಂಬಂಧಿಸಿವೆ. ಇವು ಪರವಾನಗಿ ಕೋರಿ ಅರ್ಜಿ ಬಂದ ದಿನವೇ ಪಂಚಾಯಿತಿಯ ಮೇಜಿನ ಮೇಲಿರುತ್ತವೆ.

ಗಾಳಿ ಕೆಡುವುದು ಹೇಗೆ

ಕೋಳಿಗೆ ಪ್ರತ್ಯೇಕ ಮೂತ್ರ ವಿಸರ್ಜನೆಯಿಲ್ಲ. ಹಿಕ್ಕೆಯ ಮೇಲೆ ಕಾಣುವ ಬಿಳಿಯ ಭಾಗವೇ ಯೂರಿಕ್ ಆಮ್ಲ. ನೆಲದ ಮೇಲೆ ಹಾಸಿದ ಭತ್ತದ ಹೊಟ್ಟಿನಲ್ಲಿ ಸೇರಿದ ಈ ಆಮ್ಲವನ್ನು ಸೂಕ್ಷ್ಮಜೀವಿಗಳು ಒಡೆದು ಅಮೋನಿಯಾ ಅನಿಲವನ್ನಾಗಿ ಮಾರ್ಪಡಿಸುತ್ತವೆ. ಇದಕ್ಕೆ ತೇವ, ಶಾಖ ಮತ್ತು ಕ್ಷಾರಗುಣ ಬೇಕು. ಹೊಟ್ಟು ಒಣಗಿದ್ದರೆ ಹಿಕ್ಕೆ ಬಿದ್ದರೂ ಅನಿಲ ಹೆಚ್ಚಾಗಿ ಹುಟ್ಟುವುದಿಲ್ಲ. ಹೊಟ್ಟಿನ ತೇವಾಂಶ ಶೇಕಡ 20ರಿಂದ 25ರಷ್ಟಿದ್ದರೆ ಉತ್ತಮ. ಶೇಕಡ 30 ದಾಟಿದರೆ ಅದು ಹೆಪ್ಪುಗಟ್ಟಿ ರೊಟ್ಟಿಯಂತಾಗುತ್ತದೆ, ಅಲ್ಲಿಂದ ಮುಂದೆ ವಾಸನೆಯನ್ನು ತಡೆಯುವುದು ಕಷ್ಟ. ಆದುದರಿಂದ ಕೋಳಿ ಶೆಡ್ಡಿನ ವಾಸನೆಯ ಪ್ರಶ್ನೆಯು ಮೂಲತಃ ನೀರಿನ ಪ್ರಶ್ನೆಯಾಗಿದೆ.

ಆ ನೀರಿನ ಪ್ರಮಾಣವನ್ನು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಐದು ವಾರದ ಮಾಂಸದ ಕೋಳಿಯೊಂದು ದಿನಕ್ಕೆ ಸುಮಾರು 300 ಮಿಲಿಲೀಟರ್ ನೀರು ಕುಡಿಯುತ್ತದೆ. 5,000 ಕೋಳಿಗಳ ಶೆಡ್ಡಿಗೆ ಇದು ದಿನಕ್ಕೆ 1,500 ಲೀಟರ್. ಬೆಳವಣಿಗೆಯ ರೂಪದಲ್ಲಿ ದೇಹದಲ್ಲಿ ಉಳಿಯುವುದು ಇದರಲ್ಲಿ ಚಿಕ್ಕ ಪಾಲು ಮಾತ್ರ. ಸಾವಿರ ಲೀಟರಿಗೂ ಹೆಚ್ಚು ನೀರು ಉಸಿರಿನ ಮೂಲಕವೋ ಹಿಕ್ಕೆಯ ಮೂಲಕವೋ ಪ್ರತಿದಿನ ಶೆಡ್ಡಿನೊಳಕ್ಕೆ ಹೊರಬೀಳುತ್ತದೆ. ಮನೆಯ ಮೇಲಿಡುವ ಸಾವಿರ ಲೀಟರಿನ ಕಪ್ಪು ಟ್ಯಾಂಕನ್ನು ದಿನವೂ ಒಮ್ಮೆ ಶೆಡ್ಡಿನ ನೆಲಕ್ಕೆ ಸುರಿದಂತೆ. ಈ ನೀರನ್ನು ಹೊತ್ತೊಯ್ಯುವ ಸಾಧನ ಗಾಳಿಯೊಂದೇ.

ಅನಿಲದ ಪ್ರಮಾಣವನ್ನು ಪಿಪಿಎಂ ಎಂಬ ಅಳತೆಯಲ್ಲಿ ಹೇಳುತ್ತಾರೆ. 25 ಪಿಪಿಎಂ ಎಂದರೆ ಹತ್ತು ಲಕ್ಷ ಲೀಟರ್ ಗಾಳಿಯಲ್ಲಿ 25 ಲೀಟರ್ ಅಮೋನಿಯಾ. ಕಾರ್ಖಾನೆಗಳ ಅಧಿನಿಯಮ, 1948ರ ಎರಡನೇ ಅನುಸೂಚಿಯಲ್ಲಿ ಕೆಲಸಗಾರರ ಎಂಟು ಗಂಟೆಯ ಸರಾಸರಿಗೆ ನಮೂದಾಗಿದ್ದ ಮಿತಿ ಇದೇ 25 ಪಿಪಿಎಂ. ಕೋಳಿ ಶೆಡ್ ಸಾಮಾನ್ಯವಾಗಿ ಕಾರ್ಖಾನೆಯ ವ್ಯಾಖ್ಯೆಯೊಳಗೆ ಬರುವುದಿಲ್ಲ; ಆದರೆ ಒಳಗೆ ದುಡಿಯುವವರ ಶ್ವಾಸಕೋಶ ಕಾರ್ಖಾನೆಯವರದಕ್ಕಿಂತ ಬೇರೆಯಲ್ಲ. ಯುರೋಪಿಯನ್ ಒಕ್ಕೂಟವು 2007ರ ನಿರ್ದೇಶನದಲ್ಲಿ, ದಟ್ಟವಾಗಿ ಸಾಕುವ ಮಾಂಸದ ಕೋಳಿಗಳ ಶೆಡ್ಡಿಗೆ 20 ಪಿಪಿಎಂ ಮಿತಿ ವಿಧಿಸಿದ್ದು, ಅದನ್ನು ಕೋಳಿಯ ತಲೆಯ ಮಟ್ಟದಲ್ಲಿ ಅಳೆಯಬೇಕೆಂದು ಸ್ಪಷ್ಟಪಡಿಸಿದೆ. ಈ ಕೊನೆಯ ಮಾತು ಮುಖ್ಯವಾದುದು. ಅನಿಲ ಹುಟ್ಟುವುದು ನೆಲದಲ್ಲಿ. ನಿಂತ ಮನುಷ್ಯನ ಮೂಗಿಗೆ ಸಹ್ಯವೆನಿಸುವ ಗಾಳಿ ಒಂದು ಅಡಿ ಎತ್ತರದಲ್ಲಿ ಕಣ್ಣುರಿಸುವಂತಿರಬಹುದು.

ಅಮೋನಿಯಾ ಮೊದಲು ಹಾಳುಮಾಡುವುದು ಶ್ವಾಸನಾಳದ ಒಳಪದರದ ಸೂಕ್ಷ್ಮ ರೋಮಗಳನ್ನು. ಧೂಳನ್ನೂ ರೋಗಾಣುವನ್ನೂ ಹೊರದೂಡುವ ಆ ರೋಮಗಳು ನಿಷ್ಕ್ರಿಯವಾದರೆ ಕೊಕ್ಕರೆ ರೋಗ, ಇ. ಕೊಲೈ ಸೋಂಕು, ದೀರ್ಘಕಾಲದ ಉಸಿರಾಟದ ರೋಗಗಳಿಗೆ ದಾರಿ ತೆರೆದಂತೆ. ಲಸಿಕೆ ಹಾಕಿಸಿದರೂ ಕೋಳಿ ಸಾಯುತ್ತಿದೆ ಎಂದು ರೈತ ಹೇಳುವಾಗ ಪಶುವೈದ್ಯರು ಔಷಧಕ್ಕಿಂತ ಮೊದಲು ಹೊಟ್ಟನ್ನು ಮುಟ್ಟಿ ನೋಡುವುದು ಇದೇ ಕಾರಣಕ್ಕೆ. ಕೋಳಿಯ ದೇಹದಲ್ಲಿ ಶ್ವಾಸಕೋಶದ ಜೊತೆಗೆ ಒಂಬತ್ತು ಗಾಳಿಚೀಲಗಳಿವೆ. ಉಸಿರು ದೇಹದ ತೀರ ಒಳಗಿನವರೆಗೂ ಹೋಗುವುದರಿಂದ ಕೆಟ್ಟ ಗಾಳಿಯೂ ಅಷ್ಟೇ ಆಳಕ್ಕೆ ತಲುಪುತ್ತದೆ.

ಮಳೆಗಾಲ

ಬಯಲುಸೀಮೆಯ ಜಿಲ್ಲೆಗಳಲ್ಲಿ ಬಹುತೇಕ ಶೆಡ್ಡುಗಳು ಬದಿಗೋಡೆಯಿಲ್ಲದ, ಜಾಲರಿ ಹೊದಿಸಿದ ತೆರೆದ ಶೆಡ್ಡುಗಳು. ಮೃಗಶಿರಾ ಮಳೆ ಹಿಡಿದ ಮೇಲೆ ಎರಚಲು ಒಳಕ್ಕೆ ಬರುತ್ತದೆ. ಹೊರಗಿನ ಗಾಳಿಯೇ ತೇವದಿಂದ ತುಂಬಿರುವುದರಿಂದ ಅದು ಹೊಟ್ಟನ್ನು ಒಣಗಿಸಲಾರದು. ಇಲ್ಲಿ ತಪ್ಪು ಸಾಮಾನ್ಯವಾಗಿ ಕಟ್ಟಡದ್ದಾಗಿರುತ್ತದೆ. ಸೂರಿನ ಚಾಚು ಮೂರು ನಾಲ್ಕು ಅಡಿಯಾದರೂ ಇರಬೇಕಾದಲ್ಲಿ ತಗಡು ಉಳಿಸಲು ಒಂದೂವರೆ ಅಡಿಗೆ ಇಳಿಸಿರುತ್ತಾರೆ. ನೆಲಗಟ್ಟು ಸುತ್ತಲಿನ ಹೊಲಕ್ಕಿಂತ ಎತ್ತರವಾಗಿರದಿದ್ದರೆ ನೀರು ಬುಡದಿಂದ ಒಸರುತ್ತದೆ. ಸುತ್ತ ಚರಂಡಿಯಿಲ್ಲದ ಶೆಡ್ಡಿನಲ್ಲಿ ಎಷ್ಟು ಹೊಟ್ಟು ಹಾಕಿದರೂ ಅದು ಕೆಸರಿಗೆ ಹಾಕಿದ ಹೊಟ್ಟೇ.

ಇನ್ನೊಂದು ಕಾರಣ ಲೆಕ್ಕಪತ್ರದ್ದು. ಕಂಪನಿಯೊಂದಿಗೆ ಒಪ್ಪಂದದ ಸಾಕಾಣಿಕೆಯಲ್ಲಿ ಮರಿ, ಆಹಾರ, ಔಷಧ ಕಂಪನಿಯದು. ಶೆಡ್, ನೀರು, ವಿದ್ಯುತ್, ಕೂಲಿ ಮತ್ತು ಹೊಟ್ಟು ರೈತನದು. ರೈತನ ಕೈಯಿಂದ ನೇರವಾಗಿ ಹೋಗುವ ಹಣದಲ್ಲಿ ಉಳಿತಾಯ ಸಾಧ್ಯವಿರುವುದು ಹೊಟ್ಟಿನಲ್ಲಿ. ಹಾಗಾಗಿ ಮೂರು ಅಂಗುಲದ ಬದಲು ಒಂದು ಅಂಗುಲ ಹಾಸುತ್ತಾನೆ, ಹಳೆಯ ಬ್ಯಾಚಿನ ಹೊಟ್ಟನ್ನೇ ಮುಂದುವರಿಸುತ್ತಾನೆ. ಆ ಉಳಿತಾಯದ ಬೆಲೆಯನ್ನು ನೆರೆಮನೆಯವರು ವಾಸನೆಯ ರೂಪದಲ್ಲಿ ತೆರುತ್ತಾರೆ. ಮಳೆ ಹಿಡಿಯುವ ಮೊದಲೇ ಹೊಟ್ಟು ಕೊಂಡು ಟಾರ್ಪಾಲಿನಡಿ ಒಣಗಿಸಿಟ್ಟುಕೊಳ್ಳುವುದು ದೊಡ್ಡ ಖರ್ಚಿನ ಕೆಲಸವಲ್ಲ. ಮೇ ತಿಂಗಳ ವಾರ್ಡ್ ಸಭೆಯಲ್ಲಿ ಸದಸ್ಯರು ಇದನ್ನು ನೆನಪಿಸಿದರೆ ಜುಲೈ ತಿಂಗಳ ಅರ್ಧದಷ್ಟು ದೂರುಗಳ ಮೂಲವೇ ಇಲ್ಲವಾಗಬಹುದು.

ನೀರುಣಿಸುವ ಡ್ರಿಂಕರುಗಳ ಅಂಚು ಕೋಳಿಯ ಬೆನ್ನಿನ ಮಟ್ಟದಲ್ಲಿರಬೇಕು. ಕೋಳಿ ಬೆಳೆದರೂ ಡ್ರಿಂಕರು ಮೇಲೇರದಿದ್ದರೆ ಚೆಲ್ಲುವ ನೀರೇ ಕೆಳಗಿನ ಹೊಟ್ಟನ್ನು ಕೊಳೆಸುತ್ತದೆ. ಸೋರುವ ನಿಪ್ಪಲ್‌ಗಳೂ ಹಾಗೆಯೇ. ಹೊಟ್ಟಿನ ಸ್ಥಿತಿ ತಿಳಿಯಲು ಯಂತ್ರ ಬೇಡ: ಒಂದು ಹಿಡಿ ಹೊಟ್ಟನ್ನು ಮುಷ್ಟಿಯಲ್ಲಿ ಒತ್ತಿ ಕೈ ಬಿಚ್ಚಬೇಕು. ಉಂಡೆಯಾಗಿಯೇ ನಿಂತರೆ ತೇವ ಹೆಚ್ಚು; ಅಂಟಿಕೊಂಡು ಕೂಡಲೇ ಬಿರಿದರೆ ಸರಿಯಾದ ಹದ; ಅಂಟದೆ ಪುಡಿಯಾಗಿ ಉದುರಿದರೆ ತೀರ ಒಣಗಿ ಧೂಳೇಳುವ ಸ್ಥಿತಿ.

ಸುಣ್ಣದ ಬಗ್ಗೆ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಸುಣ್ಣ ತೇವವನ್ನು ಹೀರುತ್ತದೆ ಎಂಬುದು ನಿಜ. ಆದರೆ ಅದು ಹೊಟ್ಟಿನ ಕ್ಷಾರಗುಣವನ್ನು ಏರಿಸುವುದರಿಂದ ಒಳಗೆ ಹುದುಗಿದ್ದ ಅಮೋನಿಯಾ ಒಮ್ಮೆಲೇ ಹೊರಬರುತ್ತದೆ. ಕೋಳಿಗಳಿರುವಾಗ ಪರದೆ ಮುಚ್ಚಿದ ಶೆಡ್ಡಿನಲ್ಲಿ ಸುಣ್ಣ ಬೆರೆಸುವುದು ಬೆಂಕಿಗೆ ತುಪ್ಪ ಹೊಯ್ದಂತೆ. ಬ್ಯಾಚು ಹೊರಹೋಗಿ ನೆಲ ಖಾಲಿಯಾದ ಮೇಲೆ ಅದರ ಬಳಕೆ ಸೂಕ್ತ. ಕೋಳಿಗಳಿರುವಾಗ ಮೇಲ್ಪದರವನ್ನು ತಿರುವಿ, ಹೆಪ್ಪುಗಟ್ಟಿದ ಭಾಗವನ್ನು ತೆಗೆದು, ಒಣ ಹೊಟ್ಟು ಹಾಕುವುದೇ ಸರಿಯಾದ ಕ್ರಮ. ತಿರುವುವ ಕೆಲಸವೂ ಪರದೆ ತೆರೆದಿರುವ ಹಗಲಿನಲ್ಲಿಯೇ ಆಗಬೇಕು.

ಮೊಟ್ಟೆ ಕೋಳಿಗಳ ಪಂಜರದ ಶೆಡ್ಡುಗಳಲ್ಲಿ ಹೊಟ್ಟಿಲ್ಲ. ಪಂಜರದ ಕೆಳಗೆ ಗೊಬ್ಬರ ರಾಶಿಯಾಗುತ್ತದೆ. ಬೇಸಿಗೆಯಲ್ಲಿ ಒಣಗಿ ನಿಲ್ಲುವ ಆ ರಾಶಿ ಮಳೆಯ ನೀರು ಕಂಡೊಡನೆ ನೊಣದ ತೊಟ್ಟಿಲಾಗುತ್ತದೆ. ಬೆಚ್ಚನೆಯ ತೇವದ ಗೊಬ್ಬರದಲ್ಲಿ ನೊಣದ ಮೊಟ್ಟೆ ಏಳರಿಂದ ಹತ್ತು ದಿನಗಳಲ್ಲಿ ಹಾರುವ ನೊಣವಾಗುತ್ತದೆ. ಗೊಬ್ಬರ ಒಣಗಿರುವವರೆಗೆ ಈ ಚಕ್ರ ತುಂಡಾಗಿರುತ್ತದೆ. ಆದುದರಿಂದ ನೊಣಕ್ಕೆ ಔಷಧ ಸಿಂಪಡಿಸುವ ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ನೋಡುವುದು ಲೇಸು.

ಚಳಿಗಾಲ

ಕೋಲಾರ, ಚಿಕ್ಕಬಳ್ಳಾಪುರದಂತಹ ಎತ್ತರದ ಬಯಲುಗಳಲ್ಲಿ ಡಿಸೆಂಬರ್, ಜನವರಿಯ ನಸುಕಿನ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ರೈತ ಸಂಜೆ ಆರಕ್ಕೆ ಎರಡೂ ಬದಿಯ ಪರದೆಗಳನ್ನು ಬಿಗಿದು ಕಟ್ಟಿ, ಸಂದುಗಳಿಗೆ ಗೋಣಿಚೀಲ ತುರುಕಿ ಮಲಗುತ್ತಾನೆ. ಬೆಳಿಗ್ಗೆ ಎಂಟಕ್ಕೆ ಪರದೆ ತೆರೆಯುತ್ತದೆ. ಈ ಹದಿನಾಲ್ಕು ಗಂಟೆಗಳ ಅವಧಿಯಲ್ಲಿ ಆರುನೂರು ಲೀಟರಿನಷ್ಟು ನೀರು ಹೊರಬಂದಿರುತ್ತದೆ; ಹೋಗಲು ಮಾತ್ರ ದಾರಿಯಿರುವುದಿಲ್ಲ. ತಗಡಿನ ಒಳಬದಿಯಲ್ಲಿ ಹನಿಗಟ್ಟಿ ಅದು ಮತ್ತೆ ಹೊಟ್ಟಿನ ಮೇಲೆಯೇ ತೊಟ್ಟಿಕ್ಕುತ್ತದೆ. ವರ್ಷದ ಅತಿ ಕೆಟ್ಟ ಗಾಳಿ ಇರುವುದು ಈ ನಸುಕಿನಲ್ಲಿ. ಊರಿಗೆ ಇದರ ಅರಿವಿರುವುದಿಲ್ಲ, ಏಕೆಂದರೆ ಎಲ್ಲವೂ ಪರದೆಯೊಳಗೆ ಬಂದಿಯಾಗಿದೆ.

ರೈತನ ಭಯ ನಿರಾಧಾರವಲ್ಲ. ಮರಿಗಳಿಗೆ ಮೊದಲ ವಾರ 33ರಿಂದ 35 ಡಿಗ್ರಿ ಶಾಖ ಬೇಕು; ಚಳಿ ತಾಗಿದರೆ ಅವು ಒಂದರ ಮೇಲೊಂದು ಗುಂಪುಗೂಡಿ ಉಸಿರುಗಟ್ಟಿ ಸಾಯುತ್ತವೆ. ಆದರೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಈ ಅಗತ್ಯ ಇಳಿಯುತ್ತದೆ. ಬೆಳೆದ ಕೋಳಿಯೊಂದು ಹೆಚ್ಚುಕಡಿಮೆ 15 ವ್ಯಾಟಿನ ಬಲ್ಬಿನಷ್ಟು ಶಾಖ ಹೊರಸೂಸುತ್ತದೆ. 5,000 ಕೋಳಿಗಳೆಂದರೆ ಸಾವಿರ ವ್ಯಾಟಿನ ಎಪ್ಪತ್ತೈದು ಹೀಟರುಗಳು ಹೊತ್ತಿದಂತೆ. ಮೂರು ವಾರ ದಾಟಿದ ಬ್ಯಾಚಿಗೆ ಚಳಿಯ ಭಯಕ್ಕಿಂತ ಉಸಿರಿನ ಭಯ ದೊಡ್ಡದು. ಮೊದಲ ವಾರದ ಅಭ್ಯಾಸವನ್ನೇ ಐದನೆಯ ವಾರಕ್ಕೂ ಮುಂದುವರಿಸುವುದರಲ್ಲಿ ತಪ್ಪು ನಡೆಯುತ್ತದೆ.

ಇಲ್ಲಿ ಗಾಳಿಯ ಒಂದು ಗುಣವನ್ನು ಅರಿಯಬೇಕು. ತಣ್ಣನೆಯ ಗಾಳಿ ಕಡಿಮೆ ತೇವವನ್ನು ಹಿಡಿಯಬಲ್ಲದು, ಬಿಸಿಯಾದಂತೆ ಅದರ ಹಿಡಿಯುವ ಶಕ್ತಿ ಏರುತ್ತದೆ. 15 ಡಿಗ್ರಿಯ ಗಾಳಿ ಗರಿಷ್ಠವಾಗಿ ಘನ ಮೀಟರಿಗೆ ಸುಮಾರು 13 ಗ್ರಾಂ ನೀರಾವಿ ಹಿಡಿದರೆ, 25 ಡಿಗ್ರಿಯ ಗಾಳಿ 23 ಗ್ರಾಂ ಹಿಡಿಯುತ್ತದೆ. ಮಂಜು ಮುಸುಕಿದ ಮುಂಜಾವಿನ ಗಾಳಿಯೂ ಶೆಡ್ಡಿನೊಳಗೆ ಬಂದು ಕೋಳಿಗಳ ಮೈಶಾಖದಿಂದ 25 ಡಿಗ್ರಿಗೆ ಏರಿದಾಗ, ಅದರ ಸಾಪೇಕ್ಷ ತೇವಾಂಶ ಅರ್ಧಕ್ಕೆ ಇಳಿದು, ಹೊಟ್ಟನ್ನು ಒಣಗಿಸುವ ಗಾಳಿಯಾಗುತ್ತದೆ. ಅಂದರೆ ಚಳಿಗಾಲದ ಗಾಳಿ ಮಳೆಗಾಲದ ಗಾಳಿಗಿಂತ ಒಳ್ಳೆಯ ಒರೆಸುಬಟ್ಟೆ. ಅದನ್ನು ಬಾಗಿಲ ಹೊರಗೇ ನಿಲ್ಲಿಸುವುದು ನಷ್ಟ.

ಎಷ್ಟು ಗಾಳಿ ಬೇಕು? ಘನ ಮೀಟರಿಗೆ ನಾಲ್ಕೈದು ಗ್ರಾಂ ನೀರಾವಿಯನ್ನು ಹೊತ್ತೊಯ್ಯುತ್ತದೆಂದು ಹಿಡಿದರೆ, ದಿನಕ್ಕೆ ಸಾವಿರ ಲೀಟರ್ ಹೊರಹಾಕಲು ಗಂಟೆಗೆ ಒಂಬತ್ತು ಸಾವಿರ ಘನ ಮೀಟರಿನಷ್ಟು ಗಾಳಿ ಬೇಕಾಗುತ್ತದೆ. 200 ಅಡಿ ಉದ್ದ, 25 ಅಡಿ ಅಗಲ, ಸರಾಸರಿ 10 ಅಡಿ ಎತ್ತರದ ಶೆಡ್ಡಿನಲ್ಲಿ ಇದು ಗಂಟೆಗೆ ಆರೇಳು ಬಾರಿ ಗಾಳಿ ಬದಲಾದಂತೆ. ಅಂಕಿ ದೊಡ್ಡದಾಗಿ ಕಂಡರೂ ಸಾಧನೆ ಸುಲಭ. ಎರಡೂ ಬದಿಯಲ್ಲಿ ಪರದೆಯ ಮೇಲ್ಭಾಗದಲ್ಲಿ ಉದ್ದಕ್ಕೂ ಒಂದು ಅಡಿ ಸೀಳು ಬಿಟ್ಟರೆ, ಅಡೆತಡೆಗಳ ಲೆಕ್ಕ ಹಿಡಿದರೂ ಗಂಟೆಗೆ ಒಂದು ಕಿಲೋಮೀಟರ್ ವೇಗದ ಗಾಳಿ ಸಾಕು. ಅದು ಎಲೆ ಅಲುಗಿಸಲೂ ಆಗದಷ್ಟು ನಿಧಾನದ ಗಾಳಿ.

ಆದರೆ ಸೀಳು ಮೇಲ್ಭಾಗದಲ್ಲಿರಬೇಕು ಎಂಬುದೇ ಇಡೀ ವಿಷಯದ ತಿರುಳು. ಅನೇಕ ಶೆಡ್ಡುಗಳಲ್ಲಿ ಪರದೆಯನ್ನು ಸೂರಿಗೆ ಕಟ್ಟಿ ಕೆಳಗಿನಿಂದ ಮೇಲಕ್ಕೆ ಸುತ್ತುತ್ತಾರೆ. ಹಾಗೆ ಸ್ವಲ್ಪ ತೆರೆದರೆ ತಣ್ಣನೆಯ ಗಾಳಿ ನೇರವಾಗಿ ಕೋಳಿಗಳ ಮೈಗೆ ಬಡಿಯುತ್ತದೆ, ಕೋಳಿ ಮುದುಡಿಕೊಳ್ಳುತ್ತದೆ, ರೈತ ಪುನಃ ಮುಚ್ಚುತ್ತಾನೆ. ಪರದೆಯ ಬುಡವನ್ನು ಗಿಡ್ಡ ಗೋಡೆಗೆ ಬಿಗಿದು, ಹಗ್ಗ ಮತ್ತು ರಾಟೆಯ ಸಹಾಯದಿಂದ ಮೇಲಿನಿಂದ ಕೆಳಕ್ಕೆ ಇಳಿಸುವಂತೆ ಮಾಡಿದರೆ ತಣ್ಣನೆಯ ಗಾಳಿ ಮೇಲಿನಿಂದ ಪ್ರವೇಶಿಸಿ, ಮಾಡಿನಡಿಯ ಬೆಚ್ಚನೆಯ ಗಾಳಿಯೊಂದಿಗೆ ಬೆರೆತ ಮೇಲೆ ಕೆಳಗಿಳಿಯುತ್ತದೆ. ಅದೇ ಪರದೆ, ಅದೇ ಹಗ್ಗ. ಕಟ್ಟುವ ತುದಿ ಮಾತ್ರ ಬದಲು.

ಮರಿಗಳ ಕಾವು ಮತ್ತು ಇದ್ದಿಲ ಹೊಗೆ

ವಿದ್ಯುತ್ ಕೈಕೊಡುವ ರಾತ್ರಿಗಳಲ್ಲಿ ಮರಿಗಳಿಗೆ ಕಾವು ಕೊಡಲು ಡಬ್ಬಿಯಲ್ಲೋ ಒಲೆಯಲ್ಲೋ ಇದ್ದಿಲು ಉರಿಸುವ ರೂಢಿಯಿದೆ. ಮುಚ್ಚಿದ ಜಾಗದಲ್ಲಿ ಇದ್ದಿಲು ಕೆಂಡವಾಗಿ ಉರಿಯುವಾಗ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅಮೋನಿಯಾ ಮೂಗಿಗೆ ತಿಳಿಯುತ್ತದೆ, ಕಣ್ಣು ಉರಿಸುತ್ತದೆ, ಹೊರಗೋಡಿಸುತ್ತದೆ. ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ಮಂಪರು ಬಂದು ಮನುಷ್ಯ ನಿದ್ರೆಯಲ್ಲೇ ಏಳದಂತಾಗಬಹುದು. ಮರಿ ಬಂದ ಮೊದಲ ವಾರ ಕಾವಲಿಗೆಂದು ಶೆಡ್ಡಿನೊಳಗೇ ಮಲಗುವ ಕೂಲಿ ಕುಟುಂಬಗಳು ಅನೇಕ ಕಡೆ ಇವೆ. ಅವರಲ್ಲಿ ಹಲವರು ಹೊರ ಜಿಲ್ಲೆ, ಹೊರ ರಾಜ್ಯದವರು. ಗ್ರಾಮ ಸಭೆಗೆ ಬರುವವರಲ್ಲ, ಅವರ ಹೆಸರು ಊರಿನ ಮತದಾರರ ಪಟ್ಟಿಯಲ್ಲಿ ಇರುವುದೂ ಅಪರೂಪ. ಕಾವಿನ ಶೆಡ್ಡಿನೊಳಗೆ ಯಾರೂ, ವಿಶೇಷವಾಗಿ ಮಕ್ಕಳು, ಮಲಗಕೂಡದು ಎಂಬ ಒಂದು ಮಾತನ್ನು ಸದಸ್ಯರು ತಮ್ಮ ವಾರ್ಡಿನ ಪ್ರತಿಯೊಬ್ಬ ಸಾಕಾಣಿಕೆದಾರನಿಗೂ ಖುದ್ದಾಗಿ ತಿಳಿಸಬೇಕು. ಆಶಾ ಕಾರ್ಯಕರ್ತೆಯರು ಮತ್ತು ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯವರು ಚಳಿಗಾಲದಲ್ಲಿ ಈ ಕುಟುಂಬಗಳನ್ನು ಒಮ್ಮೆಯಾದರೂ ಭೇಟಿ ಮಾಡುವಂತಾದರೆ ಉಪಯುಕ್ತ.

ಬೇಸಿಗೆ

ಬೇಸಿಗೆಯ ಮಾತು ರೈತರಿಗೆ ಚೆನ್ನಾಗಿ ಗೊತ್ತಿರುವುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಕೋಳಿಗೆ ಬೆವರುವ ಗ್ರಂಥಿಗಳಿಲ್ಲ. ಬಾಯಿ ತೆರೆದು ಏದುಸಿರು ಬಿಡುವುದೊಂದೇ ಅದರ ಉಪಾಯ. ಪಂಚಾಯಿತಿಗೆ ಸಂಬಂಧಿಸಿದ ಎರಡು ಸಂಗತಿಗಳಿವೆ. ಮೊದಲನೆಯದು ಧೂಳು. ತೀರ ಒಣಗಿದ ಹೊಟ್ಟು, ಉದುರಿದ ಗರಿ, ಆಹಾರದ ಹಿಟ್ಟು ಮತ್ತು ಒಣ ಹಿಕ್ಕೆ ಬೆರೆತ ಧೂಳು ಕೂಲಿಯವರಲ್ಲಿ ಕೆಮ್ಮು, ಉಬ್ಬಸ ತರುತ್ತದೆ. ಮೂಗಿಗೆ ಕಟ್ಟಿದ ಟವೆಲ್ ದಪ್ಪ ಧೂಳನ್ನಷ್ಟೇ ತಡೆಯುತ್ತದೆ. ಎನ್-95 ಮುಖಗವಸು ಸಣ್ಣ ಧೂಳನ್ನು ತಡೆಯುತ್ತದೆಯಾದರೂ ಅಮೋನಿಯಾ ಅನಿಲವನ್ನು ತಡೆಯುವುದಿಲ್ಲ. ಮುಖಗವಸು ಕೊಟ್ಟಿದ್ದೇವೆ ಎಂಬುದು ಪರದೆ ಮುಚ್ಚಿಡಲು ಸಮರ್ಥನೆಯಾಗದು. ಎರಡನೆಯದು ಮಂಜಿನಂತೆ ನೀರು ಸಿಂಪಡಿಸುವ ಫಾಗರುಗಳು. ಕಲಬುರಗಿ, ರಾಯಚೂರು, ಬಳ್ಳಾರಿಯ ಒಣಗಾಳಿಯಲ್ಲಿ ಅವು ಶೆಡ್ಡನ್ನು ಚೆನ್ನಾಗಿ ತಂಪುಮಾಡುತ್ತವೆ. ಅದೇ ಫಾಗರನ್ನು ಕರಾವಳಿಯ ತೇವದ ಗಾಳಿಯಲ್ಲಿ ಅಥವಾ ಮುಂಗಾರಿನ ಸೆಕೆಯಲ್ಲಿ ಓಡಿಸಿದರೆ ನೀರು ಆವಿಯಾಗದೆ ಹೊಟ್ಟಿಗೆ ಇಳಿಯುತ್ತದೆ, ವಾಸನೆಯ ಕತೆ ಮತ್ತೆ ಮೊದಲಾಗುತ್ತದೆ.

ಅರ್ಜಿ ಮುಂದಿರುವಾಗಲೇ ನೋಡಬೇಕಾದದ್ದು

ಕರ್ನಾಟಕ ಭೂ ಸುಧಾರಣಾ ಅಧಿನಿಯಮ, 1961ರ ವ್ಯಾಖ್ಯೆಯಲ್ಲಿ ಕೋಳಿ ಸಾಕಾಣಿಕೆಯೂ ಕೃಷಿಯೊಳಗೆ ಸೇರಿದೆ. ಇದರಿಂದ, ಶೆಡ್ಡಿನ ವಿಷಯದಲ್ಲಿ ಪಂಚಾಯಿತಿಗೆ ಮಾತಿಲ್ಲ ಎಂಬ ಭಾವನೆ ಕೆಲವು ಸದಸ್ಯರಲ್ಲಿ ಬೇರೂರಿದೆ. ಕೃಷಿ ಎಂಬ ವ್ಯಾಖ್ಯೆ ಪರಿಸರ ಕಾನೂನಿನಿಂದ ವಿನಾಯಿತಿಯಲ್ಲ. ಹಿಂದೆ ಒಂದು ಲಕ್ಷದವರೆಗಿನ ಕೋಳಿಗಳ ಫಾರಂಗಳಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿಯಿಂದ ರಿಯಾಯಿತಿ ಇತ್ತು. 2020ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಇದನ್ನು ಮರುಪರಿಶೀಲಿಸಲು ಸೂಚಿಸಿದ ಬಳಿಕ, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2021ರಲ್ಲಿ ಮಾರ್ಗಸೂಚಿಗಳನ್ನು ಪರಿಷ್ಕರಿಸಿತು. ಅದರಂತೆ ಒಂದೇ ಸ್ಥಳದಲ್ಲಿ 5,000ಕ್ಕಿಂತ ಹೆಚ್ಚು ಕೋಳಿಗಳಿರುವ ಫಾರಂಗಳು 1974ರ ಜಲ ಅಧಿನಿಯಮ ಮತ್ತು 1981ರ ವಾಯು ಅಧಿನಿಯಮಗಳಡಿ ರಾಜ್ಯ ಮಂಡಳಿಯ ಸಮ್ಮತಿ ಪಡೆಯಬೇಕು. ಜನವಸತಿಯಿಂದ 500 ಮೀಟರ್, ನದಿ, ಕೆರೆ, ಕಾಲುವೆ ಹಾಗೂ ಕುಡಿಯುವ ನೀರಿನ ಮೂಲದಿಂದ 100 ಮೀಟರ್ ಅಂತರ ಇರಬೇಕೆಂದು ಮಾರ್ಗಸೂಚಿ ಹೇಳುತ್ತದೆ.

ಅರ್ಜಿಯಲ್ಲಿ 5,000ಕ್ಕೆ ತುಸು ಕಡಿಮೆ ಸಂಖ್ಯೆ ನಮೂದಾಗಿದ್ದರೆ ನಕ್ಷೆಯ ವಿಸ್ತೀರ್ಣ ನೋಡಬೇಕು. ನೆಲದ ಮೇಲೆ ಸಾಕುವ ಮಾಂಸದ ಕೋಳಿಗೆ ಸಾಮಾನ್ಯವಾಗಿ ತಲಾ ಒಂದು ಚದರ ಅಡಿ ಲೆಕ್ಕ. 4,900 ಕೋಳಿಗೆ 9,000 ಚದರ ಅಡಿಯ ಶೆಡ್ ಯಾರೂ ಕಟ್ಟುವುದಿಲ್ಲ.

ನಕ್ಷೆಯಲ್ಲಿ ಇನ್ನೂ ಕೆಲವು ಅಂಶಗಳನ್ನು ಸದಸ್ಯರು ತಾವೇ ಗುರುತಿಸಬಹುದು. ಶೆಡ್ಡಿನ ಉದ್ದ ಪೂರ್ವ ಪಶ್ಚಿಮವಾಗಿದ್ದರೆ ಬಿಸಿಲು ಒಳಹೊಗುವುದು ಕಡಿಮೆ. ಅಗಲ 25ರಿಂದ 30 ಅಡಿ ಮೀರಿದರೆ ಸಹಜ ಗಾಳಿ ನಡುಭಾಗವನ್ನು ತಲುಪುವುದಿಲ್ಲ. ಖರ್ಚು ಉಳಿಸಲು ಒಂದೇ ಮಾಡಿನಡಿ 40 ಅಡಿ ಅಗಲಕ್ಕೆ ಕಟ್ಟಿದ ಶೆಡ್ಡಿನ ಮಧ್ಯದಲ್ಲಿ ವರ್ಷವಿಡೀ ಗಾಳಿ ಕೆಟ್ಟಿರುತ್ತದೆ, ಆಮೇಲೆ ಸರಿಪಡಿಸಲು ಉಪಾಯವಿರುವುದಿಲ್ಲ. ಮಾಡಿನ ನೆತ್ತಿಯಲ್ಲಿ ಗಾಳಿಗಂಡಿ ಇರಬೇಕು. ಅಮೋನಿಯಾ ಗಾಳಿಗಿಂತ ಹಗುರ; ಬಿಸಿಗಾಳಿಯೊಂದಿಗೆ ಮೇಲೇರಿ ಹೊರಹೋಗಲು ಅದಕ್ಕೆ ದಾರಿ ಬೇಕು.

ಸ್ಥಳದ ಆಯ್ಕೆಯಲ್ಲಿ ಗಾಳಿಯ ದಿಕ್ಕನ್ನು ಋತುವಾರು ಎಣಿಸಬೇಕು. ಒಳನಾಡಿನಲ್ಲಿ ಮುಂಗಾರಿನ ಗಾಳಿ ಪಶ್ಚಿಮ ಮತ್ತು ನೈಋತ್ಯದಿಂದ, ಚಳಿಗಾಲದ ಗಾಳಿ ಪೂರ್ವ ಮತ್ತು ಈಶಾನ್ಯದಿಂದ ಬೀಸುತ್ತದೆ. ಊರಿನ ಪಶ್ಚಿಮಕ್ಕೆ ಶೆಡ್ಡಿದ್ದರೆ ಹೊಟ್ಟು ತೇವಗೊಂಡ ಮಳೆಗಾಲದಲ್ಲಿಯೇ ವಾಸನೆ ಊರಿಗೆ ಬರುತ್ತದೆ. ಗಾಳಿಯಿಲ್ಲದ ಚಳಿಗಾಲದ ರಾತ್ರಿಯ ಲೆಕ್ಕ ಬೇರೆ. ಆಗ ನೆಲಕ್ಕಂಟಿದ ತಣ್ಣನೆಯ ಗಾಳಿ ನೀರಿನಂತೆಯೇ ಇಳಿಜಾರಿನ ಕಡೆಗೆ ಹರಿಯುತ್ತದೆ. ಮೇಲಿನ ಬೆಚ್ಚನೆಯ ಪದರ ಮುಚ್ಚಳದಂತೆ ಕೂತು ಅದನ್ನು ಮೇಲೇರಗೊಡುವುದಿಲ್ಲ. ದಿಣ್ಣೆಯ ಮೇಲಿನ ಶೆಡ್ಡಿನ ವಾಸನೆ ತಗ್ಗಿನ ಕಾಲೋನಿಯಲ್ಲಿ ಬೆಳಗಿನ ಜಾವ ಬಂದು ನಿಲ್ಲುವುದು ಹೀಗೆ. ನಮ್ಮ ಊರುಗಳಲ್ಲಿ ತಗ್ಗಿನ ನಿವೇಶನಗಳು ಯಾರ ಪಾಲಿಗೆ ಬಂದಿವೆ ಎಂಬುದು ಸದಸ್ಯರಿಗೆ ತಿಳಿಯದ ವಿಷಯವಲ್ಲ. ದೂರನ್ನು ಅಳೆಯುವ ಟೇಪಿನ ಜೊತೆಗೆ ನೆಲದ ಇಳಿಜಾರನ್ನೂ ನೋಡದೆ ನಿರಾಕ್ಷೇಪಣಾ ಪತ್ರ ನೀಡಬಾರದು.

ದೂರು ಬಂದಾಗ

ಪರಿಶೀಲನೆಯ ವೇಳೆ ಪರದೆ ತೆರೆಯುವ ಮುನ್ನ ಆಗಿರಬೇಕು. ಧನುರ್ಮಾಸದ ಪೂಜೆಗೆ ಏಳುವ ಹೊತ್ತೇ ಚಳಿಗಾಲದಲ್ಲಿ ಇದಕ್ಕೆ ತಕ್ಕ ಹೊತ್ತು. ರೈತನಿಗೆ ತಿಳಿಸಿ, ಅವನ ಸಮಕ್ಷಮದಲ್ಲಿಯೇ ಒಳಹೋಗಬೇಕು. ಒಂದೇ ದಿನ ಎರಡು ಫಾರಂಗಳಿಗೆ ಹೋಗಕೂಡದು, ಪಾದರಕ್ಷೆಯನ್ನು ಸೋಂಕು ನಿವಾರಕದಲ್ಲಿ ಅದ್ದಿಯೇ ಒಳಗಿಡಬೇಕು. ಕೋಳಿಗಳು ಏಕಾಏಕಿ ದೊಡ್ಡ ಸಂಖ್ಯೆಯಲ್ಲಿ ಸಾಯುತ್ತಿದ್ದರೆ ಒಳಹೋಗದೆ ಪಶುವೈದ್ಯಾಧಿಕಾರಿಗೆ ತಿಳಿಸಬೇಕು.

ಒಳಗೆ ಕಾಲಿಟ್ಟ ಮೊದಲ ಎರಡು ನಿಮಿಷಗಳ ಅನುಭವವನ್ನು ಅಲ್ಲಿಯೇ ಬರೆದುಕೊಳ್ಳುವುದು ಅಗತ್ಯ. ಮೂಗು ಅಮೋನಿಯಾಕ್ಕೆ ಬೇಗನೆ ಒಗ್ಗಿಕೊಳ್ಳುತ್ತದೆ. ಹತ್ತು ನಿಮಿಷದ ನಂತರ ಸದಸ್ಯರಿಗೂ ‘ಅಷ್ಟೇನಿಲ್ಲ’ ಅನ್ನಿಸುತ್ತದೆ. ವರ್ಷಗಟ್ಟಲೆ ಒಳಗೆ ದುಡಿದವನಿಗೆ ವಾಸನೆ ತಿಳಿಯದಿರುವುದೂ ಇದರಿಂದಲೇ, ಅದನ್ನು ಅವನ ಕಪಟವೆಂದು ತಿಳಿಯಬಾರದು. ಮಂಡಿಯೂರಿ ಕೋಳಿಯ ಎತ್ತರದಲ್ಲಿ ಉಸಿರಾಡಿ ನೋಡಬೇಕು. ಶುದ್ಧ ನೀರಿನಲ್ಲಿ ಒದ್ದೆ ಮಾಡಿದ ಕೆಂಪು ಲಿಟ್ಮಸ್ ಕಾಗದವನ್ನು ಆ ಮಟ್ಟದಲ್ಲಿ ಹಿಡಿದರೆ ಅಮೋನಿಯಾ ಇರುವಲ್ಲಿ ನೀಲಿಯಾಗುತ್ತದೆ. ಪ್ರಮಾಣ ಹೇಳದಿದ್ದರೂ ಇಬ್ಬರ ಎದುರಿಗೆ ಕಾಣುವ ಸಾಕ್ಷ್ಯವದು. ಕೋಳಿಗಳ ಕಣ್ಣು ಮುಚ್ಚಿವೆಯೇ, ನೀರಾಡುತ್ತಿವೆಯೇ, ಅಂಗಾಲಿನಲ್ಲಿ ಕಪ್ಪು ಹುಣ್ಣುಗಳಿವೆಯೇ ಎಂದು ನೋಡಬೇಕು. ಸತ್ತ ಕೋಳಿಗಳನ್ನು ಎಲ್ಲಿ ಹೂಳುತ್ತಾರೆಂದು ಕೇಳುವುದನ್ನು ಮರೆಯಬಾರದು, ಏಕೆಂದರೆ ಊರಿಗೆ ಬರುವ ವಾಸನೆ ಕೆಲವೊಮ್ಮೆ ಶೆಡ್ಡಿನದ್ದೇ ಆಗಿರದೆ, ಬೇಲಿಯಾಚೆ ಎಸೆದ ಸತ್ತ ಕೋಳಿಗಳದ್ದಾಗಿರುತ್ತದೆ.

ನೆರೆಮನೆಗಳ ಗಾಳಿಗೆ ಅನ್ವಯಿಸುವ ಮಾನದಂಡ ಬೇರೆಯೇ ಇದೆ. 2009ರ ರಾಷ್ಟ್ರೀಯ ಪರಿವೇಷ್ಟಕ ವಾಯು ಗುಣಮಟ್ಟ ಮಾನಕಗಳ ಪ್ರಕಾರ 24 ಗಂಟೆಗಳ ಸರಾಸರಿಯಲ್ಲಿ ಅಮೋನಿಯಾ ಘನ ಮೀಟರಿಗೆ 400 ಮೈಕ್ರೋಗ್ರಾಂ ಮೀರಬಾರದು. ಇದು ಕೆಲಸಗಾರರ 25 ಪಿಪಿಎಂ ಮಿತಿಯ ನಲವತ್ತರಲ್ಲಿ ಒಂದು ಭಾಗಕ್ಕಿಂತ ಹೆಚ್ಚಿಲ್ಲ. ಮಕ್ಕಳು, ವೃದ್ಧರು, ಉಬ್ಬಸದವರು ಇಡೀ ದಿನ ಉಸಿರಾಡುವ ಗಾಳಿಯಾದ್ದರಿಂದ ಮಿತಿ ಅಷ್ಟು ಬಿಗಿಯಾಗಿದೆ. ಅಂಗನವಾಡಿ ಅಥವಾ ಶಾಲೆಯ ಬಳಿಯ ದೂರು ಪುನರಾವರ್ತನೆಯಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಈ ಮಾನಕವನ್ನು ಉಲ್ಲೇಖಿಸಿ ಅಳತೆಗೆ ಕೋರಬಹುದು.

ಶೆಡ್ ಮುಚ್ಚಿಸುವ ಠರಾವು ಮಾಡುವ ಮೊದಲು ಒಂದು ಬ್ಯಾಚಿನ ಅವಧಿ, ಅಂದರೆ ಆರು ವಾರ, ತಿದ್ದುಪಡಿಗೆ ಕೊಡುವುದು ನ್ಯಾಯ. ಡ್ರಿಂಕರಿನ ಎತ್ತರ, ಪರದೆಯ ತುದಿ, ಸೂರಿನ ಚಾಚು, ಸುತ್ತಲಿನ ಚರಂಡಿ ಇವುಗಳಲ್ಲಿ ಯಾವುದನ್ನು ಯಾವ ದಿನಾಂಕದೊಳಗೆ ಸರಿಪಡಿಸಬೇಕೆಂದು ನೋಟೀಸಿನಲ್ಲಿ ಬರೆದರೆ ರೈತನಿಗೂ ದಾರಿ ಕಾಣುತ್ತದೆ, ದೂರುದಾರರಿಗೂ ಭರವಸೆ ದೊರೆಯುತ್ತದೆ. ‘ಸ್ವಚ್ಛತೆ ಕಾಪಾಡತಕ್ಕದ್ದು’ ಎಂದಷ್ಟೇ ಬರೆದ ನೋಟೀಸು ಕಡತದಲ್ಲಿ ಉಳಿಯುತ್ತದೆ. ಮರುಪರಿಶೀಲನೆಯೂ ಮೊದಲಿನ ಅದೇ ಗಂಟೆಗೆ ನಡೆಯಬೇಕು.

ಬ್ಯಾಚು ಹೊರಹೋದ ಮೇಲೆ ಹಳೆಯ ಹೊಟ್ಟನ್ನು ಅಗೆದು ತೆಗೆಯುವ ಒಂದೆರಡು ದಿನ ವಾಸನೆ ವಿಪರೀತವಾಗಿರುತ್ತದೆ, ಅದನ್ನು ಪೂರ್ತಿ ತಪ್ಪಿಸಲಾಗದು. ಆ ಕೆಲಸ ಬಿಸಿಲೇರಿ ಗಾಳಿ ಮೇಲೇಳುವ ಮಧ್ಯಾಹ್ನದಲ್ಲಿ ನಡೆಯಬೇಕು, ಟ್ರ್ಯಾಕ್ಟರಿಗೆ ಟಾರ್ಪಾಲು ಹೊದಿಸಿ ಊರ ನಡುವಿನ ಬೀದಿ ಬಿಟ್ಟು ಸಾಗಿಸಬೇಕು, ಗೊಬ್ಬರವನ್ನು ಹೊಲದಂಚಿನಲ್ಲಿ ತೆರೆದಿಡದೆ ಮುಚ್ಚಿಡಬೇಕು. ಹಬ್ಬ, ಜಾತ್ರೆ, ಶಾಲಾ ಪರೀಕ್ಷೆಯ ದಿನಗಳನ್ನು ಬಿಟ್ಟು ದಿನಾಂಕ ಗೊತ್ತುಮಾಡಿ, ಎರಡು ದಿನ ಮೊದಲೇ ನೆರೆಯವರಿಗೂ ವಾರ್ಡಿನ ಸದಸ್ಯರಿಗೂ ತಿಳಿಸುವಂತೆ ಸಾಕಾಣಿಕೆದಾರರೊಂದಿಗೆ ಮಾತನಾಡಿಕೊಳ್ಳುವುದು ಸೂಕ್ತ.